ಹಿತ್ತಲ ತೊಟ್ಟಿಗೆ ತೇಪೆ

ಆಯುಧಪೂಜೆಯ ದಿನ ಚಾಮರಾಜಪೇಟೆಯಲ್ಲಿ ಸ್ಕೂಟರಿಗೆ ಪೂಜೆ ಮಾಡುವವರಿದ್ದಾರೆ, ಮಿಕ್ಸಿಗೆ ಮಾಡುವವರಿದ್ದಾರೆ, ಲ್ಯಾಪ್‌ಟಾಪಿನ ಸಂದಿಗೊಂದಿಗೆಲ್ಲ ಅಕ್ಷತೆ ಉದುರಿಸಿ ಮಾರನೆಯ ದಿನ ರಿಪೇರಿ ಅಂಗಡಿಗೆ ಓಡುವವರೂ ಇದ್ದಾರೆ. ಈಜುಕೊಳಕ್ಕೆ ತೆಂಗಿನಕಾಯಿ ಒಡೆದವನು ಮಾತ್ರ ಅಪ್ಪಯ್ಯ ಒಬ್ಬನೇ ಇರಬೇಕು. ಒಡೆಯಲಿ ಪಾಪ, ಯಾರು ಬೇಡ ಅಂದರು? ಆದರೆ ಆ ಕಾಯಿಯಿಂದ ಕೊಳವೇ ತೂತಾಗಿ, ಹೆಂಡತಿಯ ಕಾಲಿಗೇ ಸಂಚಕಾರ ಬಂತಲ್ಲ, ಅದಕ್ಕೇನು ಹೇಳೋಣ.

ಈಜುಕೊಳ ಅಂದ ತಕ್ಷಣ ಕ್ಲಬ್ಬು, ಬಿಳಿ ಟೈಲ್ಸು, ಸೀಟಿ ಊದುವ ಕೋಚು ಎಂದೆಲ್ಲ ಕಲ್ಪಿಸಿಕೊಳ್ಳುವುದು ಬೇಡ. ಇದು ನೆಲ ಅಗೆಯದೆ ನೆಲದ ಮೇಲೆಯೇ ನಿಲ್ಲಿಸುವ ಜಾತಿಯದು. ಸುತ್ತ ಉಕ್ಕಿನ ಪೈಪುಗಳ ಚೌಕಟ್ಟು, ಅದಕ್ಕೆ ಸಿಕ್ಕಿಸಿದ ದಪ್ಪ ನೀಲಿ ಪ್ಲಾಸ್ಟಿಕ್ ಶೀಟು, ಹತ್ತಿ ಇಳಿಯಲು ಒಂದು ಏಣಿ, ಪಕ್ಕದಲ್ಲಿ ನೀರು ಸೋಸುವ ಪುಟ್ಟ ಮೋಟಾರು. ತುಂಬಿಸಿದರೆ ಎದೆಯ ತನಕ ನೀರು. ಆ ಶೀಟು ಹೋಯಿತೆಂದರೆ ಕೊಳವೇ ಹೋದ ಹಾಗೆ, ಉಳಿಯುವುದು ಬರೀ ಪೈಪು. ಅಪ್ಪಯ್ಯನ ಮಗಳು ವಿಶಾಖಾ ಕೆಲಸ ಮಾಡುವ ಆಫೀಸಿನಲ್ಲಿ ಯಾರೋ ಒಬ್ಬರು, ಮಕ್ಕಳು ದೊಡ್ಡವರಾದರೆಂದು ಇದನ್ನು ಮಡಿಸಿ ಅಟ್ಟಕ್ಕೆ ಎಸೆದಿದ್ದರು. ಅವಳು ಕೇಳಿ ತಂದು, ಹಿತ್ತಲಲ್ಲಿ ಮರಳು ಹಾಸಿ, ಮಟ್ಟ ಮಾಡಿ ನಿಲ್ಲಿಸಿದಳು. ಮನೆಯಲ್ಲಿ ಯಾರ ಬಾಯಲ್ಲೂ ಪೂಲ್ ಎಂಬ ಮಾತು ಬರಲಿಲ್ಲ. ಹೆಂಡತಿ ಬೈರಮ್ಮ ಮೊದಲ ದಿನವೇ ತೊಟ್ಟಿ ಅಂದಳು, ಅದೇ ಹೆಸರು ನಿಂತಿತು.

ತಂದದ್ದೇ ಬೈರಮ್ಮನಿಗಾಗಿ. ಸರ್ಕಾರಿ ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ನರ್ಸ್ ಆಗಿದ್ದು ರಿಟೈರಾದ ಹೆಂಗಸು ಅವಳು. ವಾರ್ಡಿನಲ್ಲಿ ಅವಳ ದನಿ ಕೇಳಿದರೆ ಆಪರೇಷನ್ನಾದ ಪೈಲ್ವಾನರೂ ಎದ್ದು ಕೂರುತ್ತಿದ್ದರು. "ಏಳಿ, ಏಳಿ, ಕಾಲೂರಿ, ಏನೂ ಆಗಲ್ಲ, ನಾನಿದೀನಿ" ಎಂದು ಗದರಿಸಿ ಗದರಿಸಿ ಅವಳು ನಡೆಸಿದ ಜನರನ್ನೆಲ್ಲ ನಿಲ್ಲಿಸಿದರೆ ಚಾಮರಾಜಪೇಟೆಯ ಮೈದಾನ ಸಾಲದು. ಅಂಥವಳು ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಎಡಗಡೆ ಸೊಂಟದ ಮೂಳೆ ಮುರಿದುಕೊಂಡಳು. ರಾಡು ಹಾಕಿದರು, ಮೂಳೆ ಕೂಡಿತು, ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು "ಇನ್ನೇನು, ನಡೀರಿ" ಅಂದರು. ಬೈರಮ್ಮ ಮಾತ್ರ ಆ ಕಾಲಿನ ಮೇಲೆ ಎಳ್ಳಷ್ಟೂ ಭಾರ ಬಿಡಲಿಲ್ಲ. ವಾಕರ್ ಹಿಡಿದು, ಬಲಗಾಲನ್ನು ಊರಿ, ಎಡಗಾಲನ್ನು ಹಿಂದಿನಿಂದ ಎಳೆದುಕೊಂಡು ಬರುವುದನ್ನೇ ನಡಿಗೆ ಮಾಡಿಕೊಂಡಳು.

"ಹೆದರಿಕೆ ಯಾಕಮ್ಮ? ನೀನೇ ಅಷ್ಟು ಜನಕ್ಕೆ ಹೇಳ್ಕೊಟ್ಟಿದೀಯ" ಎಂದು ಮಗಳು ರಮಿಸಿದರೆ, ಬೈರಮ್ಮನ ಉತ್ತರ ಒಂದೇ.

"ಮುರಿಯೋ ಸದ್ದು ಅವ್ರಿಗೆಲ್ಲ ಕೇಳ್ಸಿತ್ತೋ ಇಲ್ವೋ ನಂಗೊತ್ತಿಲ್ಲ. ನಂಗೆ ಕೇಳ್ಸಿದೆ."

ಮನೆಗೆ ಬಂದು ವ್ಯಾಯಾಮ ಮಾಡಿಸುತ್ತಿದ್ದ ಫಿಸಿಯೋಥೆರಪಿ ಹುಡುಗಿ ಲಾಸ್ಯಾಳೇ ನೀರಿನ ಉಪಾಯ ಹೇಳಿದ್ದು. ನೀರಲ್ಲಿ ಮೈಭಾರ ಇರುವುದಿಲ್ಲ, ಕಾಲಿಗೆ ಧೈರ್ಯ ಬರುತ್ತದೆ, ಆಮೇಲೆ ವಾರವಾರವೂ ನೀರು ಸ್ವಲ್ಪ ಸ್ವಲ್ಪ ಇಳಿಸುತ್ತಾ ಹೋದರೆ ಕಾಲು ತನಗೇ ಗೊತ್ತಾಗದ ಹಾಗೆ ಭಾರ ಹೊರುವುದನ್ನು ಕಲಿಯುತ್ತದೆ. ಮೊದಲರ್ಧ ಅವಳು ಹೇಳಿದ ಹಾಗೇ ಆಯಿತು. ಬೈರಮ್ಮ ಪೈಪು ಹಿಡಿದು ನಡೆದಳು, ಆಮೇಲೆ ಮಗಳ ಕೈ ಹಿಡಿದು ನಡೆದಳು, ಆಮೇಲೆ ಕೈಬಿಟ್ಟು ಗಿರಿಗಿರಿ ಸುತ್ತಿದಳು. ಹಿತ್ತಲ ಬಾಗಿಲಲ್ಲಿ ನಿಂತು ಅದನ್ನು ನೋಡುವುದೇ ಅಪ್ಪಯ್ಯನಿಗೆ ದಿನದ ಹಬ್ಬ. ಆದರೆ ನೀರು ಇಳಿಸುವ ಮಾತೆತ್ತಿದರೆ ಬೈರಮ್ಮ ಜಪ್ಪಯ್ಯ ಅನ್ನಲಿಲ್ಲ. ಒಂದು ಗೇಣು ಇಳಿಸಿದರೂ ನಾನು ಒಳಗೆ ಕಾಲಿಡುವುದಿಲ್ಲ ಎಂದು ಪಟ್ಟು ಹಿಡಿದಳು. ಲಾಸ್ಯಾ ಹೋಗುವಾಗ ಅಪ್ಪಯ್ಯನನ್ನು ಗೇಟಿನ ಹತ್ತಿರ ಕರೆದು ಮೆಲ್ಲಗೆ ಹೇಳಿದ್ದಳು.

"ಅಂಕಲ್, ಬಲವಂತ ಮಾಡ್ಬೇಡಿ. ಆದ್ರೆ ನೀರಲ್ಲಿ ನಡ್ಯೋದು ಮಾತ್ರ ನಿಲ್ಬಾರ್ದು. ಈಗ ನಿಲ್ಸಿದ್ರೆ ಆ ಕಾಲು ಸೊರಗಿ ಹೋಗತ್ತೆ. ಆಮೇಲೆ ವಾಕರ್ರೇ ಗತಿ."

ಆ ಮಾತು ಅಪ್ಪಯ್ಯನ ಎದೆಯಲ್ಲಿ ಕೂತಿತ್ತು. ಕೂತಿದ್ದರೂ ತೆಂಗಿನಕಾಯಿ ಒಡೆದ ನೋಡಿ, ಅದೇ ಅವನ ಜಾಯಮಾನ.

ಅವನದೂ ತಪ್ಪಲ್ಲ. ಸರ್ಕಾರಿ ಮುದ್ರಣಾಲಯದಲ್ಲಿ ಮೆಷಿನ್‌ಮ್ಯಾನ್ ಆಗಿದ್ದವನಿಗೆ ಆಯುಧಪೂಜೆಗಿಂತ ದೊಡ್ಡ ಹಬ್ಬ ಇರಲಿಲ್ಲ. ಆ ದಿನ ಮೆಷಿನ್ನುಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ಒರೆಸಿ, ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿ, ಹಿರಿಯ ಮೆಷಿನ್‌ಮ್ಯಾನ್ ಆದವನು ತನ್ನ ಮೆಷಿನ್ನಿನ ಕಬ್ಬಿಣದ ಕಾಲಿಗೇ ಕಾಯಿ ಒಡೆಯಬೇಕು. ಒಂದೇ ಏಟಿಗೆ ಸರಿಯಾಗಿ ಎರಡು ಹೋಳಾದರೆ ವರ್ಷವಿಡೀ ಮೆಷಿನ್ನು ಕೈಕೊಡುವುದಿಲ್ಲ ಎಂದು ನಂಬಿಕೆ. ರಿಟೈರಾದ ಮೇಲೆ ಅವನಿಗೆ ಪೂಜೆಗೆ ಮೆಷಿನ್ನೇ ಇರಲಿಲ್ಲ. ಮನೆಯಲ್ಲಿ ದೇವರ ಕೋಣೆಯೂ ಇಲ್ಲ. ಹಾಲಿನಲ್ಲಿ ಬುದ್ಧನ ಪಟ, ಅದರ ಪಕ್ಕ ಬಾಬಾಸಾಹೇಬರ ಪಟ, ಎರಡಕ್ಕೂ ವಿಶಾಖಾ ದಿನವೂ ಹೂ ಇಡುತ್ತಾಳೆ. ಹಾಗಿರುವಾಗ ಈ ವರ್ಷ ಹಿತ್ತಲಲ್ಲಿ ಜುಯ್ ಎನ್ನುವ ಮೋಟಾರೊಂದು ಬಂದಿತ್ತು. ಅಪ್ಪಯ್ಯ ಬೆಳಿಗ್ಗೆ ಎದ್ದವನೇ ಮಾರ್ಕೆಟ್ಟಿಗೆ ಹೋಗಿ ಬಾಳೆಕಂದು, ಚೆಂಡುಹೂ, ಕಡ್ಲೆಪುರಿ, ನಿಂಬೆಹಣ್ಣು, ಕಾಯಿ ಎಲ್ಲ ತಂದ.

"ಅಪ್ಪಾ, ಈ ಪೂಜೆಗೀಜೆಯೆಲ್ಲ ನಮ್ಗೆ ಬೇಕಾ?" ಎಂದು ವಿಶಾಖಾ ಕೇಳಿದಳು.

"ಇದು ದೇವ್ರ ಪೂಜೆ ಅಲ್ಲ ಕಣಮ್ಮ. ಕೆಲಸ ಮಾಡೋ ಮೆಷಿನ್ನಿಗೆ ಮರ್ಯಾದೆ. ನಿಮ್ಮಮ್ಮನ್ನ ನಡೆಸ್ತಿಲ್ವಾ ಅದು?"

ವಿಶಾಖಾ ನಕ್ಕುಬಿಟ್ಟಳು. ಅಪ್ಪಯ್ಯ ಪೈಪುಗಳಿಗೆ ಬಾಳೆಕಂದು ಕಟ್ಟಿದ, ಮೋಟಾರಿಗೆ ಹಾರ ಹಾಕಿದ, ಹಳೆಯ ಗತ್ತಿನಲ್ಲಿ ಪಂಚೆ ಎತ್ತಿ ಕಟ್ಟಿ ತೊಟ್ಟಿಯ ಉಕ್ಕಿನ ಕಾಲಿಗೆ ಕಾಯಿ ಹೊಡೆದ. ಪ್ರೆಸ್ಸಿನ ಎರಕದ ಕಾಲೆಲ್ಲಿ, ಈ ಟೊಳ್ಳು ಪೈಪೆಲ್ಲಿ. ಮೊದಲ ಏಟಿಗೆ ಪೈಪು ಠಣ್ ಎಂದಿತು, ಕಾಯಿ ಹಾಗೇ ಇತ್ತು. ಮಾನ ಹೋಯಿತೆಂದು ಎರಡನೆಯ ಏಟನ್ನು ಬಲವಾಗಿ ಬಿಟ್ಟ. ಕಾಯಿ ಪುಡಿಪುಡಿಯಾಗಿ ಅರ್ಧ ಹಿತ್ತಲಿಗೆ, ಅರ್ಧ ನೀರಿಗೆ ಹಾರಿತು.

ತೇಲುತ್ತಿದ್ದ ನಾರನ್ನೆಲ್ಲ ಕೈಯಲ್ಲೇ ತೆಗೆದ. ಒಂದು ಕರಟದ ಚೂರು ಮಾತ್ರ ತಳಕ್ಕೆ ಹೋಗಿ ಕೂತಿತ್ತು. ಬೈರಮ್ಮನ ಕಾಲಿಗೆ ಚುಚ್ಚೀತು ಎಂಬ ಕಾಳಜಿಯಿಂದಲೇ ಅವನು ಬಚ್ಚಲು ಉಜ್ಜುವ ಉದ್ದ ಕೋಲಿನ ಬ್ರಷ್ ತಂದು, ಹೊರಗೆ ನಿಂತೇ ಆ ಚೂರನ್ನು ಅದುಮಿ ಹಿಡಿದು ಎಳೆದ. ಅದು ಜಾರಿತು. ಇನ್ನಷ್ಟು ಬಲವಾಗಿ ಅದುಮಿ ಎಳೆದ. ಹೀಗೆ ತಳದ ತುಂಬಾ ಅದನ್ನು ಓಡಾಡಿಸಿ, ಕೊನೆಗೆ ಗೋಡೆಯ ಅಂಚಿಗೆ ತಂದು ಮೇಲೆತ್ತಿ, ಗೆದ್ದವನ ಹಾಗೆ ಹೆಂಡತಿಗೆ ತೋರಿಸಿದ. ಕರಟದ ಚೂಪು ಅಂಚು ಶೀಟನ್ನು ಎಲ್ಲಿ ಸೀಳಿತೋ ಅವನಿಗೆ ತಿಳಿಯಲೇ ಇಲ್ಲ.

ಮಾರನೆಯ ಬೆಳಿಗ್ಗೆ ನೀರು ಕೆಳಗೆ ಹೋಗಿತ್ತು. ತೊಟ್ಟಿಯ ಬುಡದ ಸುತ್ತ ಮಣ್ಣು ಕಪ್ಪಗೆ ಒದ್ದೆಯಾಗಿತ್ತು. ಅಪ್ಪಯ್ಯ ಕಾಯಿ ಒಡೆದ ಕಾಲಿನ ಹತ್ತಿರವೇ ಹೆಚ್ಚು ಒದ್ದೆ ಕಂಡದ್ದರಿಂದ ತೂತು ಅಲ್ಲೇ ಎಂದು ತೀರ್ಮಾನಿಸಿ, ಸೈಕಲ್ ಪಂಕ್ಚರಿನ ಸಲ್ಯೂಷನ್ನು, ರಬ್ಬರಿನ ತುಂಡು ತಂದು ಹೊರಗಡೆಯಿಂದ ಅಂಟಿಸಿದ. ಅಂಟಿಸಿ, ಕೈ ಒರೆಸಿಕೊಂಡು, "ಮುಗೀತು, ನಾಳೆ ನೀರು ಬಿಟ್ಕೊಳ್ಳೋಣ" ಎಂದ. ಮರುದಿನ ನೋಡಿದರೆ ರಬ್ಬರು ಎದ್ದು ಬಾಲದ ಹಾಗೆ ತೂಗಾಡುತ್ತಿತ್ತು, ನೀರು ಸೊಂಟದ ಮಟ್ಟಕ್ಕೆ ಇಳಿದಿತ್ತು. ಆ ರಬ್ಬರು ಅಂಟಿದ್ದರೂ ಪ್ರಯೋಜನ ಇರಲಿಲ್ಲ, ಯಾಕೆಂದರೆ ಅದರ ಹಿಂದೆ ತೂತೇ ಇರಲಿಲ್ಲ. ಅಳಿದುಳಿದ ಹೂವು ತೇಲುತ್ತಾ ಅವನನ್ನು ಅಣಕಿಸುವಂತಿತ್ತು.

ಬೈರಮ್ಮ ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಇದನ್ನೆಲ್ಲ ನೋಡಿದಳು. ಬಯ್ಯುತ್ತಾಳೆ ಎಂದು ಅಪ್ಪಯ್ಯ ಕಾದ. ಬಯ್ದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಬಯ್ಯಲಿಲ್ಲ.

"ಹೋಗ್ಲಿ ಬಿಡಿ. ಮಡಿಸಿ ಅವ್ರಿಗೇ ಕೊಟ್ಬಿಡೋಣ. ನಂಗೂ ಸಾಕಾಗಿತ್ತು" ಎಂದಳು.

ಹೇಳುವಾಗ ಅವಳ ಮುಖದಲ್ಲಿ ಒಂದು ನಿರಾಳ ಕಂಡಿತು. ಪರೀಕ್ಷೆ ಮುಂದಕ್ಕೆ ಹೋಯಿತು ಎಂದು ತಿಳಿದ ಹುಡುಗಿಯ ಮುಖದಲ್ಲಿ ಕಾಣುವಂಥದ್ದು. ಅದನ್ನು ನೋಡಿ ಅಪ್ಪಯ್ಯನಿಗೆ ನಿಜವಾಗಿ ಭಯವಾಯಿತು. ಇವಳು ಇನ್ನು ಒಂದು ವಾರ ಹೀಗೇ ಕುರ್ಚಿಯಲ್ಲಿ ಕೂತರೆ ಮತ್ತೆ ಏಳುವುದಿಲ್ಲ, ಜೀವಮಾನವಿಡೀ ಆ ವಾಕರಿನ ಟಕ್ ಟಕ್ ಸದ್ದೇ ಮನೆಯಲ್ಲಿ ಉಳಿಯುತ್ತದೆ, ಅದಕ್ಕೆ ಕಾರಣ ನನ್ನ ಒಂದು ತೆಂಗಿನಕಾಯಿ ಎಂದುಕೊಂಡ. ಕಣ್ಣಲ್ಲಿ ನೀರು ಬಂತು. ಕಾಣಿಸಬಾರದೆಂದು ಬಗ್ಗಿ ಬಾಳೆಕಂದು ಬಿಚ್ಚತೊಡಗಿದ.

ತಿಂಡಿ ತಿಂದವನೇ ನಗರ್ತಪೇಟೆಗೆ ಹೊರಟ. ಅಲ್ಲಿನ ಸಂದಿಯೊಂದರಲ್ಲಿ ವೆಂಕಟಾಚಲ ಎಂಬವರು ಸೀಟು ಕವರಿನ ರೆಕ್ಸಿನ್ನು, ಟಾರ್ಪಾಲು, ಪ್ಲಾಸ್ಟಿಕ್ ಶೀಟುಗಳ ವ್ಯಾಪಾರ ಇಟ್ಟಿದ್ದಾರೆ. ಪ್ರೆಸ್ಸಿನ ಕಾಲದಿಂದಲೂ ಮುಖಪರಿಚಯ. ಅಪ್ಪಯ್ಯ ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿಕೊಂಡ. ವೆಂಕಟಾಚಲ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನಗು ನಿಲ್ಲಿಸಿ ಒಂದು ತುಂಡು ನೀಲಿ ಶೀಟನ್ನೂ ಒಂದು ಟ್ಯೂಬು ಅಂಟನ್ನೂ ತೆಗೆದು ಮುಂದಿಟ್ಟರು.

"ಸಲ್ಯೂಷನ್ ರಬ್ಬರಿಗೆ ಸ್ವಾಮಿ, ಇದಕ್ಕೆ ಹತ್ತಲ್ಲ. ಇದು ನೀರೊಳ್ಗೂ ಹಿಡ್ಯೋ ಅಂಟು. ತೇಪೆ ಅಂಗೈ ಅಗಲ ಇರ್ಲಿ, ದುಂಡಗೆ ಕತ್ತರ್ಸಿ, ಮೂಲೆ ಇದ್ರೆ ಅಲ್ಲಿಂದ ಏಳತ್ತೆ. ಅಂಟು ಹಚ್ಚಿ, ಮಡ್ಸಿ, ನೀರೊಳ್ಗೆ ತಗೊಂಡ್ ಹೋಗಿ ಬಿಡಿಸಿ ಕೂರ್ಸಿ."

"ನೀರೆಲ್ಲ ಖಾಲಿ ಮಾಡಿ ಅಂಟಿಸ್ಬಾರ್ದಾ? ಸುಲಭ ಆಗತ್ತೆ."

"ಅಯ್ಯೋ, ಪೂರ್ತಿ ಖಾಲಿ ಆಗೋಕ್ ಬಿಡ್ಬೇಡಿ. ಹಳೇ ಶೀಟು ಅಂತೀರ. ಬಿಸಿಲಿಗೆ ಒಣಗಿದ್ರೆ ಸೆಟ್ಕೊಂಡು ಸುಕ್ಕಾಗತ್ತೆ, ಮತ್ತೆ ನೀರು ತುಂಬ್ಸಿದ್ರೆ ಇನ್ನೆಲ್ಲೋ ಹರೀತದೆ. ತಳದಲ್ಲಿ ನೀರಿರೋವಾಗ್ಲೇ ಮುಗ್ಸಿ. ಇನ್ನೊಂದು, ಬರೀ ಕೈಯಲ್ಲಿ ಒತ್ತಿದ್ರೆ ಸಾಲಲ್ಲ. ಮೇಲೆ ಒಳ್ಳೆ ಭಾರ ಬೀಳ್ಬೇಕು, ಅಲುಗಾಡ್ದೆ ಇರ್ಬೇಕು. ನೀವು ಒಂದು ಕಾಫಿ ಕುಡ್ದು ಪೇಪರ್ ಓದೋ ಅಷ್ಟು ಹೊತ್ತು."

ಅಪ್ಪಯ್ಯ ಆಟೋ ಹಿಡಿದು ಮನೆಗೆ ಬಂದಾಗ ನೀರು ಮೊಣಕಾಲಿಗಿಂತ ಕೆಳಗಿತ್ತು. ಸೀಳು ಇನ್ನೂ ದೊಡ್ಡದಾಗಿರಬೇಕು. ಸಂಜೆಯ ಹೊತ್ತಿಗೆ ತಳ ಕಾಣುವುದು ಖಂಡಿತ. ವಿಶಾಖಾಳಿಗೆ ಫೋನ್ ಮಾಡಿದರೆ ಆಫೀಸಿನಿಂದ ಅವಳು, "ನಾನ್ ಬರೋವರ್ಗೂ ಏನೂ ಮುಟ್ಬೇಡ ಅಪ್ಪಾ, ಪ್ಲೀಸ್" ಅಂದಳು. ಅವಳು ಬರುವುದು ಕತ್ತಲಾದ ಮೇಲೆ. ಅಪ್ಪಯ್ಯ ಹೂಂ ಅಂದು ಫೋನಿಟ್ಟು, ಅಂಗಿ ಕಳಚಿ, ಪಂಚೆ ಮೇಲೆ ಕಟ್ಟಿ, ಏಣಿ ಹತ್ತಿ ತೊಟ್ಟಿಯೊಳಗೆ ಇಳಿದ. ಇಷ್ಟು ತಿಂಗಳಲ್ಲಿ ಅವನು ಅದರೊಳಗೆ ಕಾಲಿಟ್ಟದ್ದು ಅದೇ ಮೊದಲು.

ನೀರೊಳಗೆ ಬಗ್ಗಿ ಕೈಯಾಡಿಸುತ್ತಾ ಸುತ್ತಿದ. ನೀಲಿ ಶೀಟು, ಅದರ ಮೇಲೆ ಬಿಸಿಲಿನ ಅಲೆ, ಎಲ್ಲಿ ನೋಡಿದರೂ ಸೀಳಿನ ಹಾಗೇ ಕಾಣುತ್ತದೆ, ಮುಟ್ಟಿದರೆ ಏನೂ ಇಲ್ಲ. ಸೊಂಟ ಹಿಡಿದುಕೊಂಡಿತು. ಉಸಿರು ಬಿಡುತ್ತಾ ಮತ್ತೆ ಕಾಯಿ ಒಡೆದ ಕಡೆಗೇ ಹೋಗಿ ತಡಕಾಡಿದ. ಬಾಗಿಲಲ್ಲಿ ಕೂತಿದ್ದ ಬೈರಮ್ಮ ಸ್ವಲ್ಪ ಹೊತ್ತು ತಡೆದುಕೊಂಡಳು. ಆಮೇಲೆ ಅವಳಿಂದ ಆಗಲಿಲ್ಲ.

"ಅಲ್ಲೇನ್ ಹುಡುಕ್ತೀರ್ರೀ? ಅಲ್ಲಿ ಗಟ್ಟಿ ಇದೆ. ಮೊನ್ನೆ ಪೂಜೆ ದಿನ ಸಂಜೆ ನಾನು ಒಂದು ಸುತ್ತು ಬಂದಿದ್ನಲ್ಲ, ಮೋಟಾರಿನ ಕಡೆ ತಿರುಗೋವಾಗ ನೆಲ ಮೆತ್ತಗಾಗಿತ್ತು."

"ಎಲ್ಲಿ? ಇಲ್ಲೇನಾ?"

"ಅಲ್ಲಲ್ಲ. ಈ ಕಡೆ."

"ಇಲ್ಲಿ?"

"ಅಯ್ಯೋ, ಪಾದ ಪೂರ್ತಿ ಊರಿ ನೋಡಿ. ತುದಿಗಾಲಲ್ಲಿ ಕುಣಿದ್ರೆ ಗೊತ್ತಾಗತ್ತಾ?"

ಅಪ್ಪಯ್ಯ ಪಾದ ಊರಿದ, ಅವನಿಗೆ ಎಲ್ಲ ಕಡೆಯೂ ಮೆತ್ತಗೇ ಇತ್ತು. ಹತ್ತು ಹದಿನೈದು ಸಲ "ಇಲ್ಲೇನಾ? ಇಲ್ಲೇನಾ?" ಎಂದು ಕೇಳಿದ ಮೇಲೆ ಬೈರಮ್ಮನಿಗೆ ವಾರ್ಡಿನ ಸಿಟ್ಟು ಬಂದುಬಿಟ್ಟಿತು. ಬ್ಯಾಂಡೇಜು ಸರಿಯಾಗಿ ಸುತ್ತಲು ಬಾರದ ಹೊಸ ನರ್ಸುಗಳ ಕೈಯಿಂದ ಅದನ್ನು ಕಿತ್ತುಕೊಳ್ಳುತ್ತಿದ್ದ ಸಿಟ್ಟು ಅದು.

"ನಿಮ್ಮಿಂದ ಆಗಲ್ಲ. ಏಣಿ ಗಟ್ಟಿಯಾಗಿ ಹಿಡ್ಕೊಳ್ಳಿ" ಎಂದು ವಾಕರ್ ಹಿಡಿದು ಎದ್ದಳು.

ನೈಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಏಣಿ ಹತ್ತಿದಳು. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಕೆಟ್ಟ ಕಾಲು ಮೊದಲು. ರೋಗಿಗಳಿಗೆ ಹೇಳಿಕೊಟ್ಟಿದ್ದ ಆ ಪಾಠವನ್ನು ತನಗೇ ಗೊಣಗಿಕೊಳ್ಳುತ್ತಾ ಒಂದೊಂದೇ ಮೆಟ್ಟಿಲು ಇಳಿದಳು. ಕೆಳಗೆ ಬಂದಾಗ ಮೀನಖಂಡದ ತನಕ ಮಾತ್ರ ನೀರಿತ್ತು. ಎದೆಯ ತನಕ ಇದ್ದಾಗ ಅವಳನ್ನು ಹೊತ್ತು ನಡೆಸುತ್ತಿದ್ದ ನೀರು ಅದಲ್ಲ. ಒಂದು ಕ್ಷಣ ಅವಳು ಏಣಿಯನ್ನು ಬಿಡದೆ ನಿಂತಳು.

ಅಪ್ಪಯ್ಯ ತನ್ನ ಹೆಗಲು ಕೊಟ್ಟ. ಅವಳು ಅದನ್ನು ಬಿಗಿಯಾಗಿ ಹಿಡಿದು, ಬಲಗಾಲ ಮೇಲೆ ಭಾರ ಹಾಕಿ, ಎಡಗಾಲಿಂದ ತಳವನ್ನು ಮೆಲ್ಲಗೆ ಸವರುತ್ತಾ ಮೋಟಾರಿನ ಕಡೆ ಸರಿದಳು. ಪಕ್ಕದ ಮನೆಯ ಕುಕ್ಕರ್ ಕೂಗಿತು, ಕಾಂಪೌಂಡಿನ ಮೇಲೆ ಬೆಕ್ಕೊಂದು ಬಂದು ಕೂತು ಇವರನ್ನು ನೋಡಿ ಹೋಯಿತು.

"ಇಲ್ಲಿದೆ. ಕೆಳಗಡೆ ಮರಳು ತೊಳ್ಕೊಂಡ್ ಹೋಗಿದೆ, ಕಾಲಿಗೆ ಗೊತ್ತಾಗ್ತಿದೆ" ಎಂದಳು ಬೈರಮ್ಮ.

"ಕಣ್ಣಿಗೆ ಕಾಣ್ತಿಲ್ವಲ್ಲೇ."

"ಕಾಣೋ ಹಾಗ್ ಮಾಡಿ. ಒಳ್ಗೆ ಹೋಗಿ ಒಂದ್ ಲೋಟದಲ್ಲಿ ಅರಿಶಿನ ಕಲಸಿ, ಚಿಟಿಕೆ ಸುಣ್ಣ ಹಾಕಿ ತನ್ನಿ. ಆರತಿಗೆ ಮಾಡ್ತಾರಲ್ಲ, ಆ ಕೆಂಪು ನೀರು."

ಅವಳನ್ನು ಪೈಪು ಹಿಡಿಸಿ ನಿಲ್ಲಿಸಿ ಅಪ್ಪಯ್ಯ ಓಡಿದ. ತಂದ ಕೆಂಪು ನೀರನ್ನು ಅವಳು ಹೇಳಿದ ಜಾಗದಲ್ಲಿ, ತಳದ ಹತ್ತಿರ, ಅಂಗೈಯಿಂದ ಸ್ವಲ್ಪ ಸ್ವಲ್ಪವೇ ಬಿಟ್ಟ. ಅದು ಮೊದಲು ಹೊಗೆಯ ಹಾಗೆ ಹರಡಿತು. ಆಮೇಲೆ ಒಂದು ಎಳೆ ಅದರಿಂದ ಬೇರೆಯಾಗಿ, ನೇರವಾಗಿ ಒಂದೇ ಕಡೆಗೆ ಹರಿದು, ಶೀಟಿನೊಳಗೆ ಇಂಗಿ ಮಾಯವಾಯಿತು. ಇಬ್ಬರೂ ಒಟ್ಟಿಗೆ "ಹಾ" ಅಂದರು. ಕಿರುಬೆರಳ ಉದ್ದದ ಸಣ್ಣ ಸೀಳು. ಶೀಟಿನ ಬೆಸುಗೆಯ ಗೆರೆಯ ಪಕ್ಕದಲ್ಲೇ ಅಡಗಿ ಕೂತಿದ್ದರಿಂದ ಅಷ್ಟು ಹೊತ್ತು ಕಣ್ಣಿಗೆ ಬಿದ್ದಿರಲಿಲ್ಲ.

ಅಪ್ಪಯ್ಯ ಆ ಜಾಗದ ಪಾಚಿಯನ್ನು ಬಟ್ಟೆಯಿಂದ ಉಜ್ಜಿದ. ದುಂಡಗೆ ಕತ್ತರಿಸಿದ್ದ ತುಂಡಿಗೆ ಅಂಟು ಹಚ್ಚಿ, ಮಡಿಸಿ, ಮುಖ ನೀರಿಗೆ ತಾಗುವಷ್ಟು ಬಗ್ಗಿ, ಸೀಳಿನ ಮೇಲೆ ಬಿಡಿಸಿ ಕೂರಿಸಿದ. ನಡುವಿನಿಂದ ಅಂಚಿನ ಕಡೆಗೆ ಬೆರಳಲ್ಲಿ ನೀವಿದ. ಒಂದು ಅಂಚು ಕೂತರೆ ಇನ್ನೊಂದು ಏಳುತ್ತಿತ್ತು. ಎರಡೂ ಅಂಗೈ ಇಟ್ಟು ಒತ್ತಿದ, ಒತ್ತಿದಷ್ಟೂ ಅವನ ಕಾಲೇ ಜಾರಿತು.

"ಭಾರ ಬೀಳ್ಬೇಕಂತೆ ಬೈರಮ್ಮಾ. ಗುಂಡುಕಲ್ಲು ತರ್ಲಾ?"

"ಅದು ಉರುಳತ್ತೆ. ಸರ್ಕೊಳ್ಳಿ, ನಾನು ಪಾದ ಇಡ್ತೀನಿ."

ತೇಪೆ ಅವಳ ಎಡಗಡೆಗಿತ್ತು. ಅವಳು ಅವನ ಹೆಗಲು ಹಿಡಿದು ಎಡಪಾದವನ್ನು ಎತ್ತಿ ಅದರ ಮೇಲಿಟ್ಟಳು. ಅಪ್ಪಯ್ಯ ನೀರಲ್ಲಿ ಮಂಡಿಯೂರಿ ಕೂತು ಅಂಚನ್ನು ನೋಡಿದ.

"ಈ ಕಡೆ ಏಳ್ತಿದೆ. ಇನ್ನೂ ಸ್ವಲ್ಪ ಒತ್ತು."

ಅವಳು ಒತ್ತಿದಳು.

"ಹಿಮ್ಮಡಿ ಕಡೆ ಇನ್ನೂ ಕೂತಿಲ್ಲ."

ಅವಳು ಹಿಮ್ಮಡಿ ಊರಿದಳು. ಕಣ್ಣು ತೇಪೆಯ ಮೇಲೇ ಇತ್ತು, ಹುಬ್ಬು ಗಂಟಿಕ್ಕಿತ್ತು. ಕೆಲಸವೊಂದು ಕೈಗೆ ಸಿಕ್ಕಿದರೆ ಲೋಕ ಮರೆಯುವ ಹೆಂಗಸು ಅವಳು. ಬಲಗಾಲು ಅಡ್ಡ ಬರುತ್ತದೆಂದೋ ಏನೋ ಅದರ ಹಿಮ್ಮಡಿ ಮೇಲಕ್ಕೆದ್ದಿತು, ಆಮೇಲೆ ಬರೀ ಹೆಬ್ಬೆರಳು ತಳಕ್ಕೆ ತಾಗಿಕೊಂಡಿತು. ಅಪ್ಪಯ್ಯನ ಹೆಗಲ ಮೇಲಿದ್ದ ಹಿಡಿತ ಸಡಿಲವಾಯಿತು. ಅವನು ತಲೆ ಎತ್ತಿ ನೋಡಿದ.

ಬಗ್ಗಿ ಬಗ್ಗಿ ಬೈರಮ್ಮನ ತುರುಬು ಬಿಚ್ಚಿ ಕೂದಲು ಮುಖಕ್ಕೆ ಬಂದಿತ್ತು. ಅವಳು ಎರಡೂ ಕೈ ಎತ್ತಿ, ಕೂದಲನ್ನು ಒಟ್ಟು ಮಾಡಿ, ತಿರುವಿ ಗಂಟು ಹಾಕುತ್ತಿದ್ದಳು. ಯಾರನ್ನೂ ಹಿಡಿದಿರಲಿಲ್ಲ. ಯಾವ ಕಾಲನ್ನು ಒಂದು ವರ್ಷದಿಂದ ಹಿಂದಿನಿಂದ ಎಳೆದುಕೊಂಡು ಬರುತ್ತಿದ್ದಳೋ ಆ ಕಾಲಿನ ಮೇಲೆ, ಮೀನಖಂಡದಷ್ಟು ನೀರಲ್ಲಿ, ಪೂರ್ತಿ ಮೈಭಾರ ಬಿಟ್ಟು ನೆಟ್ಟಗೆ ನಿಂತಿದ್ದಳು.

ಅಪ್ಪಯ್ಯನಿಗೆ ಕೂಗಬೇಕೆನ್ನಿಸಿತು. ಬೀದಿಗೆ ಓಡಿ, ಹೋಗಿಬರುವವರನ್ನೆಲ್ಲ ಕರೆದು ತೋರಿಸಬೇಕೆನ್ನಿಸಿತು. ಹುಟ್ಟಿದಾಗಿನಿಂದ ಬಾಯಿ ಹಿಡಿತದಲ್ಲಿಟ್ಟುಕೊಳ್ಳಲು ಬಾರದ ಮನುಷ್ಯ ಅವನು. ಮುದ್ರಣಾಲಯದಲ್ಲಿ ಮೆಷಿನ್ನಿನ ಸದ್ದನ್ನೂ ಮೀರಿಸಿ ಹರಟುತ್ತಿದ್ದವನು. ಆದರೆ ಈಗ ಒಂದು ಮಾತಾಡಿದರೂ ಅವಳಿಗೆ ಕಾಲಿನ ನೆನಪಾಗುತ್ತದೆ, ಆ ಮುರಿದ ಸದ್ದಿನ ನೆನಪಾಗುತ್ತದೆ ಎಂದು ಹೆದರಿ ತುಟಿ ಕಚ್ಚಿಕೊಂಡ. ಮತ್ತೆ ತಲೆ ಬಗ್ಗಿಸಿ ತೇಪೆಯ ಅಂಚಿಗೆ ಬೆರಳಾಡಿಸಿದ. ಅದು ಸುತ್ತಲೂ ಕೂತಿತ್ತು. ಉಗುರಿಂದ ಕೆರೆದರೂ ಏಳುತ್ತಿರಲಿಲ್ಲ.

"ಹಿಡೀತಾ?" ಎಂದಳು ಬೈರಮ್ಮ ಮೇಲಿನಿಂದ.

"ಇಲ್ಲ" ಎಂದ ಅಪ್ಪಯ್ಯ. ದನಿ ಎಲ್ಲಿ ನಡುಗುತ್ತದೋ ಎಂದು ಕೆಮ್ಮಿದ. "ಇನ್ನೂ ಸ್ವಲ್ಪ ಹೊತ್ತು ಬೇಕು."

ಅವನು ನೀರಲ್ಲಿ ಮಂಡಿಯೂರಿಯೇ ಇದ್ದ. ಪಂಚೆಯೆಲ್ಲ ನೆನೆದು, ಮಂಡಿ ನೋಯುತ್ತಿತ್ತು. ಬಿಸಿಲು ಕಾಂಪೌಂಡಿನ ಮೇಲಿಂದ ಇಳಿದು ತೊಟ್ಟಿಯ ಈ ಅಂಚಿಗೆ ಬಂದಿತ್ತು. ಅವಳ ಪಾದದ ಸುತ್ತ ಉಳಿದ ಅರಿಶಿನದ ಕೆಂಪು ಅಲುಗಾಡದೆ ನಿಂತಿತ್ತು, ಎಲ್ಲಿಗೂ ಹರಿಯುತ್ತಿರಲಿಲ್ಲ.

"ಹಿಡೀತಾ?" ಎಂದು ಮತ್ತೆ ಕೇಳಿದಳು.

"ಅಂಚು ಇನ್ನೂ ಒಂಚೂರು ಏಳ್ತಿದೆ. ಸುಮ್ನೆ ನಿಂತಿರು."

ಆಮೇಲೆ ಅವಳ ಕೈ ಬಂದು ಅವನ ನೆತ್ತಿಯ ಮೇಲೆ ಕೂತಿತು. ಆಸರೆಗೆ ಹಿಡಿದ ಹಿಡಿತವಲ್ಲ, ಬರೀ ಇಟ್ಟ ಕೈ.

"ಅದು ಆಗ್ಲೇ ಹಿಡ್ದಿದೆ ಅಂತ ನಂಗೊತ್ತು ಕಣ್ರೀ. ಕಾಲ್ಕೆಳಗೆ ಗೊತ್ತಾಗಲ್ವಾ?" ಎಂದಳು. ಅವಳ ದನಿಯೂ ನೆಟ್ಟಗಿರಲಿಲ್ಲ. "ಮಾತಾಡ್ಬೇಡಿ. ಇನ್ನೂ ಸ್ವಲ್ಪ ಹೊತ್ತು ನಿಂತ್ಕೊತೀನಿ."